ಇಪ್ಪತ್ತೈದು ರೂಪಾಯಿಯ ಋಣ

ಅನ್ನದಾನ, ವಸ್ತ್ರದಾನ, ಗೋದಾನ, ಭೂದಾನ ಎಂದು ನಮ್ಮ ಹಿರಿಯರು ದಾನಗಳನ್ನು ಹಲವು ಬಗೆಯಾಗಿ ಎಣಿಸಿದ್ದಾರೆ. ಇವೆಲ್ಲಕ್ಕೂ ಮಿಗಿಲಾದುದು ವಿದ್ಯಾದಾನ ಎನ್ನುವುದು ವಾಡಿಕೆ. ವಿದ್ಯಾದಾನವೆಂದರೆ ಗುರುವಾದವನು ಪಾಠ ಹೇಳುವುದು ಎಂದಷ್ಟೇ ನಾವು ತಿಳಿದುಕೊಂಡಿದ್ದೇವೆ. ಆದರೆ ಹೇಳಿಕೊಡುವ ಗುರು ಇದ್ದಾನೆ, ಕಲಿಯುವ ಶಿಷ್ಯನೂ ಇದ್ದಾನೆ, ನಡುವೆ ಶುಲ್ಕ ಕಟ್ಟಲು, ಪುಸ್ತಕ ಕೊಳ್ಳಲು, ಎರಡು ಹೊತ್ತು ಉಣ್ಣಲು ಹಣವಿಲ್ಲ ಎಂದರೆ ಆ ವಿದ್ಯೆ ಹೊಸ್ತಿಲಾಚೆಯೇ ನಿಂತುಬಿಡುತ್ತದೆ. ಆ ಹೊಸ್ತಿಲನ್ನು ದಾಟಿಸುವುದೂ ವಿದ್ಯಾದಾನವೇ ಎಂಬುದನ್ನು ನಾವು ಮರೆಯಬಾರದು.

ಪ್ರತಿವರ್ಷ ಪರೀಕ್ಷೆಯ ಫಲಿತಾಂಶಗಳು ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಸಂತೋಷ ಮತ್ತು ಚಿಂತೆ ಒಟ್ಟಿಗೇ ಕಾಲಿಡುತ್ತವೆ. ಮಗ ಪಾಸಾದನೆಂಬ ಸಂತೋಷ ಒಂದು ಕಡೆ, ಮುಂದೆ ಓದಿಸುವುದು ಹೇಗೆಂಬ ಚಿಂತೆ ಇನ್ನೊಂದು ಕಡೆ. ಬಡತನ ಓದಿಗೆ ಅಡ್ಡ ಬರುವುದು ನಿಜ. ಆದರೆ ಬಡತನಕ್ಕಿಂತ ಹೆಚ್ಚಾಗಿ ಅಡ್ಡ ಬರುವುದು ಎರಡು ಸಂಗತಿಗಳು. ಯಾರನ್ನು ಕೇಳಬೇಕೆಂಬ ತಿಳಿವಳಿಕೆ ಇಲ್ಲದಿರುವುದು ಒಂದು, ಕೇಳಿದರೆ ಮಾನ ಹೋದೀತೆಂಬ ಸಂಕೋಚ ಇನ್ನೊಂದು. ಈ ಎರಡೂ ಒಬ್ಬ ಹುಡುಗನ ದಾರಿಗೆ ಅಡ್ಡವಾಗಿದ್ದರೆ ಈ ದೇಶದ ಚರಿತ್ರೆಯೇ ಬೇರೆಯಾಗುತ್ತಿತ್ತು. ಆ ಹುಡುಗ ಡಾಕ್ಟರ್ ಬಾಬಾಸಾಹೇಬ ಅಂಬೇಡ್ಕರ್.

ಅಂಬೇಡ್ಕರ್ ಅವರು ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾಗಿದ್ದರು, ಸ್ವತಂತ್ರ ಭಾರತದ ಮೊದಲ ಕಾನೂನು ಮಂತ್ರಿಗಳಾಗಿದ್ದರು ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಕೈಯಲ್ಲಿ ಪುಸ್ತಕ ಹಿಡಿದ ಅವರ ಪ್ರತಿಮೆಯನ್ನು ನಾವು ಊರೂರಿನಲ್ಲಿ ಕಾಣುತ್ತೇವೆ. ಆದರೆ ಆ ಕೈಗೆ ಪುಸ್ತಕ ಬಂದದ್ದು ಹೇಗೆ, ಅದಕ್ಕೆ ಹಣ ಕೊಟ್ಟವರು ಯಾರು, ಎಷ್ಟು ಕೊಟ್ಟರು, ಎಷ್ಟು ಸಲ ಆ ಹಣ ನಡುದಾರಿಯಲ್ಲಿ ನಿಂತುಹೋಯಿತು ಎಂಬ ಲೆಕ್ಕವನ್ನು ಬಿಡಿಸಿ ನೋಡುವವರು ಕಡಿಮೆ. ಇಂದು ಆ ಲೆಕ್ಕವನ್ನೇ ನೋಡೋಣ.

ಭೀಮರಾಯರು ಹುಟ್ಟಿದ್ದು 1891ರ ಏಪ್ರಿಲ್ 14ರಂದು, ಮಧ್ಯಭಾರತದ ಮಹೂ ಎಂಬ ದಂಡಿನ ಊರಿನಲ್ಲಿ. ತಂದೆ ರಾಮಜಿ ಸಕ್ಪಾಲರು ಸೈನ್ಯದಲ್ಲಿ ಸುಬೇದಾರರು, ಸೈನ್ಯದ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದವರು, ಕಬೀರ ಪಂಥದ ಭಕ್ತರು. ತಾಯಿ ಭೀಮಾಬಾಯಿ. ಹದಿನಾಲ್ಕು ಮಕ್ಕಳಲ್ಲಿ ಭೀಮರಾಯರೇ ಕಡೆಯವರು. ಮಗ ಇನ್ನೂ ಚಿಕ್ಕವನಿರುವಾಗಲೇ ತಂದೆಗೆ ನಿವೃತ್ತಿಯಾಯಿತು, ತಾಯಿ ತೀರಿಕೊಂಡರು. ಅಸ್ಪೃಶ್ಯರೆಂದು ಕರೆಸಿಕೊಂಡ ಮಹಾರ್ ಸಮುದಾಯದಲ್ಲಿ ಹುಟ್ಟಿದ ತಪ್ಪಿಗೆ ಶಾಲೆಯಲ್ಲಿ ಬೇರೆಯಾಗಿ ಕುಳಿತುಕೊಳ್ಳಬೇಕಾಗಿತ್ತು, ನೀರಿಗಾಗಿ ಇನ್ನೊಬ್ಬರ ಕೈ ಕಾಯಬೇಕಾಗಿತ್ತು. ಸಂಸ್ಕೃತ ಕಲಿಯಬೇಕೆಂಬ ಆಸೆಯಿದ್ದರೂ ಅದು ದಕ್ಕದೆ ಪಾರ್ಸಿ ಭಾಷೆಯನ್ನು ಓದಬೇಕಾಯಿತು.

ಸಾತಾರೆಯಿಂದ ಮುಂಬಯಿಗೆ ಬಂದ ಮೇಲೆ ಆ ಸಂಸಾರವಿದ್ದದ್ದು ಪರೇಲಿನ ಕೂಲಿಕಾರರ ಚಾಳಿನ ಒಂದೇ ಕೋಣೆಯಲ್ಲಿ. ಅಡಿಗೆಯೂ ಅಲ್ಲೇ, ಮಲಗುವುದೂ ಅಲ್ಲೇ, ಓದುವುದೂ ಅಲ್ಲೇ. ಸಂಜೆಯಾದೊಡನೆ ಮಗನನ್ನು ಮಲಗಿಸಿ ತಂದೆ ಎಚ್ಚರವಾಗಿರುತ್ತಿದ್ದರು. ರಾತ್ರಿ ಎರಡು ಗಂಟೆಗೆ ಮಗನನ್ನು ಎಬ್ಬಿಸಿ ಓದಲು ಕೂರಿಸಿ, ಆತ ಮಲಗಿದ್ದ ಜಾಗದಲ್ಲಿ ತಾವು ಒರಗುತ್ತಿದ್ದರು. ಸೀಮೆ ಎಣ್ಣೆಯ ಬುಡ್ಡಿಯ ಬೆಳಕಿನಲ್ಲಿ ಆ ಹುಡುಗ ಬೆಳಗಿನವರೆಗೆ ಓದುತ್ತಿದ್ದ. ತಂದೆಗೆ ಬರುತ್ತಿದ್ದ ನಿವೃತ್ತಿವೇತನ ಅಲ್ಪ. ಮಗನಿಗೆ ಹೊಸ ಪುಸ್ತಕ ಬೇಕೆಂದರೆ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಮನೆಗೆ ಹೋಗಿ ಅವರ ಒಡವೆಯನ್ನು ಕೇಳಿ ತಂದು, ಸಾಹುಕಾರನಲ್ಲಿ ಒತ್ತೆಯಿಟ್ಟು ಪುಸ್ತಕ ಕೊಳ್ಳುತ್ತಿದ್ದರು. ನಿವೃತ್ತಿವೇತನ ಬಂದಾಗ ಬಿಡಿಸಿ ಹಿಂದಿರುಗಿಸುತ್ತಿದ್ದರು. ಬಾಬಾಸಾಹೇಬರಿಗೆ ಸಿಕ್ಕ ಮೊದಲ ವಿದ್ಯಾರ್ಥಿವೇತನ ಯಾವುದೆಂದು ಕೇಳಿದರೆ, ನಾವು ಆ ಅಕ್ಕಂದಿರ ಮೈಮೇಲಿನ ಒಡವೆ ಎಂದೇ ಹೇಳುತ್ತೇವೆ. ಯಾವ ದಾಖಲೆಯಲ್ಲಿಯೂ ಅದಕ್ಕೆ ಲೆಕ್ಕವಿಲ್ಲ.

1907ರಲ್ಲಿ ಎಲ್ಫಿನ್‌ಸ್ಟನ್ ಹೈಸ್ಕೂಲಿನಿಂದ ಭೀಮರಾಯರು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಬಂದ ಅಂಕಗಳು 750ಕ್ಕೆ 282. ಇಂದಿನ ತಂದೆತಾಯಿಗಳು ಇಂಥ ಅಂಕಪಟ್ಟಿಯನ್ನು ಕಂಡರೆ ಮುಖ ಸಪ್ಪಗೆ ಮಾಡಿಕೊಂಡಾರು. ಆದರೆ ಆ ಸಮುದಾಯದ ಒಬ್ಬ ಹುಡುಗ ಮೆಟ್ರಿಕ್ ದಾಟುವುದು ಆ ಕಾಲಕ್ಕೆ ದೊಡ್ಡ ಸಂಗತಿ. ಜನರು ಸೇರಿ ಸನ್ಮಾನ ಸಭೆ ಮಾಡಿದರು. ಆ ಸಭೆಗೆ ಬಂದವರಲ್ಲಿ ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಎಂಬ ಉಪಾಧ್ಯಾಯರೊಬ್ಬರಿದ್ದರು. ಉದ್ಯಾನದಲ್ಲಿ ಒಬ್ಬನೇ ಕುಳಿತು ಓದುತ್ತಿದ್ದ ಈ ಹುಡುಗನನ್ನು ಅವರು ಮೊದಲೇ ಕಂಡು ಗುರುತಿಟ್ಟುಕೊಂಡಿದ್ದರು. ತಾವೇ ಮರಾಠಿಯಲ್ಲಿ ಬರೆದಿದ್ದ ಬುದ್ಧನ ಚರಿತ್ರೆಯನ್ನು ಅವನ ಕೈಗಿತ್ತು ಹರಸಿದರು. ಹುಡುಗ ತಮ್ಮ ಶಾಲೆಯವನಲ್ಲ, ತಮ್ಮ ಜಾತಿಯವನಲ್ಲ, ತಮಗೆ ಏನೂ ಆಗಬೇಕಾದವನಲ್ಲ. ಓದುವವನೆಂಬ ಒಂದೇ ಕಾರಣಕ್ಕೆ ಅವನನ್ನು ಕಣ್ಣಲ್ಲಿಟ್ಟುಕೊಂಡರು. ಗುರು ಎಂಬ ಮಾತಿಗೆ ಇದಕ್ಕಿಂತ ಹೆಚ್ಚಿನ ಅರ್ಥ ಬೇಕೆ?

ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಇಂಟರ್ ಮುಗಿಯುವ ವೇಳೆಗೆ ರಾಮಜಿಯವರ ಕೈ ಪೂರ್ತಿ ಬರಿದಾಯಿತು. ಮುಂದೆ ಓದಿಸುವ ಶಕ್ತಿ ಅವರಲ್ಲಿ ಉಳಿಯಲಿಲ್ಲ. ಓದು ನಿಲ್ಲುವ ಗಳಿಗೆ ಬಂದೇಬಿಟ್ಟಿತು. ಆಗ ಮುಂದೆ ಬಂದವರು ಅದೇ ಕೇಳುಸ್ಕರ್ ಗುರುಗಳು. ಹಿಂದುಳಿದ ಸಮುದಾಯದ ಯೋಗ್ಯ ವಿದ್ಯಾರ್ಥಿಗೆ ಉನ್ನತ ಶಿಕ್ಷಣಕ್ಕೆ ನೆರವಾಗುವುದಾಗಿ ಬರೋಡೆಯ ಮಹಾರಾಜ ಸಯಾಜಿರಾವ್ ಗಾಯಕವಾಡರು ಮುಂಬಯಿಯ ಒಂದು ಸಭೆಯಲ್ಲಿ ಹೇಳಿದ್ದರು. ಅದನ್ನು ನೆನಪಿನಲ್ಲಿಟ್ಟುಕೊಂಡು ಗುರುಗಳು ಭೀಮರಾಯರನ್ನು ಮಹಾರಾಜರ ಮುಂದೆ ಕರೆದೊಯ್ದು ನಿಲ್ಲಿಸಿದರು. ಮಹಾರಾಜರು ಕೆಲವು ಪ್ರಶ್ನೆ ಕೇಳಿದರು, ಉತ್ತರಗಳಿಗೆ ಮೆಚ್ಚಿದರು, ತಿಂಗಳಿಗೆ 25 ರೂಪಾಯಿಯ ವಿದ್ಯಾರ್ಥಿವೇತನ ಮಂಜೂರು ಮಾಡಿದರು.

ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಹಣ ಬರೋಡೆಯಲ್ಲಿತ್ತು, ಹಸಿವು ಪರೇಲಿನಲ್ಲಿತ್ತು. ಎರಡರ ನಡುವೆ ಸೇತುವೆಯಾಗಿ ಒಬ್ಬ ಉಪಾಧ್ಯಾಯರು ಇರದಿದ್ದರೆ ಮಹಾರಾಜರ ಔದಾರ್ಯ ಸಭೆಯ ಚಪ್ಪಾಳೆಯಲ್ಲಿಯೇ ಮುಗಿದುಹೋಗುತ್ತಿತ್ತು. ಎಲ್ಲ ಕಾಲದಲ್ಲಿಯೂ ಕೊಡುವ ಕೈಗಳಿರುತ್ತವೆ, ಬೇಡುವ ಕೈಗಳೂ ಇರುತ್ತವೆ. ಕೊರತೆಯಿರುವುದು ಇವೆರಡನ್ನೂ ಕೂಡಿಸುವವರದು. ಕೇಳುಸ್ಕರ್ ಅವರು ತಮ್ಮ ಗಂಟಿನಿಂದ ಆ 25 ರೂಪಾಯಿ ಕೊಡಲಿಲ್ಲ. ಆದರೆ ಅವರಿಲ್ಲದೆ ಅದು ಬರುತ್ತಲೂ ಇರಲಿಲ್ಲ.

ಮಹಾರಾಜ ಸಯಾಜಿರಾಯರ ವಿಷಯವನ್ನೂ ಎರಡು ಮಾತಿನಲ್ಲಿ ಹೇಳಬೇಕು. ಅವರು ಅರಮನೆಯಲ್ಲಿ ಹುಟ್ಟಿದವರಲ್ಲ. ಒಕ್ಕಲುತನದ ಮನೆಯಲ್ಲಿ 1863ರಲ್ಲಿ ಹುಟ್ಟಿ, 1875ರಲ್ಲಿ ದತ್ತಕಕ್ಕೆ ಬಂದು ಸಿಂಹಾಸನವೇರಿದವರು. ತಮ್ಮ ಸಂಸ್ಥಾನದಾದ್ಯಂತ 1906ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತ ಹಾಗೂ ಕಡ್ಡಾಯ ಮಾಡಿದವರು. ಅಕ್ಷರದ ಬೆಲೆಯನ್ನು ತಾವು ಬೆಳೆದ ಮೇಲೆ ಅರಿತವರಾದ್ದರಿಂದ ಅಕ್ಷರಕ್ಕೆ ಹಸಿದವರ ನೋವು ಅವರಿಗೆ ತಿಳಿಯಿತು.

1912ರಲ್ಲಿ ಭೀಮರಾಯರು ಬಿ.ಎ. ತೇರ್ಗಡೆಯಾದರು. ಮರುವರ್ಷದ ಆರಂಭದಲ್ಲಿ ಬರೋಡೆಯ ಸಂಸ್ಥಾನದ ಸೇವೆಗೆ ಸೇರಿದರು. ಕೆಲದಿನಗಳಲ್ಲಿಯೇ ತಂದೆಗೆ ಕಾಯಿಲೆಯೆಂಬ ತಂತಿ ಬಂದಿತು. ಊರಿಗೆ ಹೊರಟವರು ದಾರಿಯಲ್ಲಿ ಸೂರತ್ ನಿಲ್ದಾಣದಲ್ಲಿ ತಂದೆಗಾಗಿ ಸಿಹಿ ತಿಂಡಿ ಕೊಳ್ಳಲು ಇಳಿದರು. ಅಷ್ಟರಲ್ಲಿ ರೈಲು ಹೊರಟುಹೋಯಿತು. ಮರುದಿನ ಮನೆ ತಲುಪುವ ವೇಳೆಗೆ ತಂದೆ ಕೊನೆಯುಸಿರಿನಲ್ಲಿದ್ದರು. 1913ರ ಫೆಬ್ರುವರಿ 2ರಂದು ರಾಮಜಿಯವರು ಕಣ್ಮುಚ್ಚಿದರು. ರಾತ್ರಿ ಎರಡು ಗಂಟೆಗೆ ಎಬ್ಬಿಸಿ ಓದಿಸಿದ ಆ ತಂದೆ ಮಗನ ಪದವಿಯನ್ನಷ್ಟೇ ಕಂಡರು, ಅದರ ಫಲವನ್ನು ಕಾಣಲಿಲ್ಲ.

ಅದೇ ವರ್ಷ ಜೂನ್ ತಿಂಗಳಲ್ಲಿ ಇನ್ನೊಂದು ಬಾಗಿಲು ತೆರೆಯಿತು. ಸಯಾಜಿರಾವ್ ಮಹಾರಾಜರು ಕೆಲವು ವಿದ್ಯಾರ್ಥಿಗಳನ್ನು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳಿಸಲು ನಿಶ್ಚಯಿಸಿದರು. ಅವರಲ್ಲಿ ಭೀಮರಾಯರೂ ಒಬ್ಬರಾದರು. 1913ರ ಜೂನ್ 4ರಂದು ಕರಾರುಪತ್ರಕ್ಕೆ ಸಹಿಯಾಯಿತು. ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷ ವೇತನ. ಓದು ಮುಗಿದ ಮೇಲೆ ಹತ್ತು ವರ್ಷ ಬರೋಡೆ ಸಂಸ್ಥಾನದಲ್ಲಿ ಸೇವೆ. ಇದು ಷರತ್ತು.

ಜುಲೈ ತಿಂಗಳಲ್ಲಿ ನ್ಯೂಯಾರ್ಕ್ ತಲುಪಿದ ಭೀಮರಾಯರಿಗೆ ಆಗ 22 ವರ್ಷ. ಹೊಸ ದೇಶ, ಯಾರೂ ಮುಟ್ಟು ಮೈಲಿಗೆ ಎಣಿಸದ ಗಾಳಿ. ಮೊದಲ ಕೆಲವು ತಿಂಗಳು ಮನಸ್ಸು ಆ ಊರಿನ ಬೆರಗಿನಲ್ಲಿ ಹರಿದಾಡಿತೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಆಮೇಲೆ ಒಂದು ರಾತ್ರಿ, ತಾನು ಯಾರ ಹಣದಲ್ಲಿ, ಯಾರ ನಿರೀಕ್ಷೆಯನ್ನು ಹೊತ್ತು ಇಲ್ಲಿಗೆ ಬಂದಿದ್ದೇನೆಂಬ ವಿಚಾರ ಅವರನ್ನು ಕುಟುಕಿತು. ಅಂದಿನಿಂದ ದಿನಕ್ಕೆ ಹದಿನೆಂಟು ಗಂಟೆ ಓದಿದರು. ಬರುತ್ತಿದ್ದ ವೇತನದಲ್ಲಿ ಮನೆಗೂ ಹಣ ಕಳಿಸಬೇಕಾಗಿದ್ದುದರಿಂದ ಒಂದು ಕಾಫಿ, ಎರಡು ಬನ್ನು, ಒಂದು ತುಂಡು ಮಾಂಸ ಅಥವಾ ಮೀನು, ಇಷ್ಟರಲ್ಲಿ ದಿನ ದೂಡಿದರು. ಹಾಗೆ ಉಳಿಸಿದ ಹಣವನ್ನು ಹಳೆಯ ಪುಸ್ತಕದಂಗಡಿಗಳಲ್ಲಿ ಸುರಿದರು. ಕಾಲಾಂತರದಲ್ಲಿ ಸುಮಾರು ಎರಡು ಸಾವಿರ ಪುಸ್ತಕ ಸೇರಿದವು. 1915ರಲ್ಲಿ ಎಂ.ಎ. ಪದವಿಯಾಯಿತು, ಮರುವರ್ಷ ಡಾಕ್ಟರೇಟ್ ಪ್ರಬಂಧ ಸಿದ್ಧವಾಯಿತು. ಅದೇ ವಸತಿಯಲ್ಲಿ ನವಲ್ ಭಥೇನಾ ಎಂಬ ಪಾರ್ಸಿ ಗೆಳೆಯರ ಸ್ನೇಹವಾಯಿತು. ಈ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಮೂರು ವರ್ಷ ಮುಗಿದಾಗ ಭೀಮರಾಯರು ಲಂಡನ್ನಿಗೆ ಹೋಗಿ 1916ರ ಅಕ್ಟೋಬರಿನಲ್ಲಿ ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್ ಮತ್ತು ಗ್ರೇಸ್ ಇನ್ ಎರಡನ್ನೂ ಸೇರಿದರು. ಅರ್ಥಶಾಸ್ತ್ರವೂ ಬೇಕು, ಬ್ಯಾರಿಸ್ಟರ್ ಪದವಿಯೂ ಬೇಕು ಎಂಬ ಹಂಬಲ. ಆದರೆ ವಿದ್ಯಾರ್ಥಿವೇತನದ ಅವಧಿ ತೀರಿತು, ಬರೋಡೆಯಿಂದ ಹಿಂದಿರುಗಬೇಕೆಂಬ ಕರೆ ಬಂದಿತು. ಎರಡು ಓದೂ ಅರ್ಧದಲ್ಲಿ. ನಾಲ್ಕು ವರ್ಷದೊಳಗೆ ಬಂದರೆ ಬಿಟ್ಟ ಓದನ್ನು ಮುಂದುವರಿಸಬಹುದೆಂಬ ಅನುಮತಿಯನ್ನು ಪಡೆದುಕೊಂಡು 1917ರಲ್ಲಿ ಹಡಗು ಹತ್ತಿದರು. ಮಹಾಯುದ್ಧದ ಕಾಲ. ಪುಸ್ತಕಗಳ ಪೆಟ್ಟಿಗೆಗಳನ್ನು ಬೇರೊಂದು ಹಡಗಿನಲ್ಲಿ ಕಳಿಸಿದ್ದರು. ಆ ಹಡಗು ಶತ್ರುವಿನ ಏಟಿಗೆ ಸಿಕ್ಕಿ ಮುಳುಗಿತು. ಊಟ ಬಿಟ್ಟು ಕೊಂಡ ಪುಸ್ತಕಗಳು ಸಮುದ್ರದ ಪಾಲಾದವು. ಸಾಮಾನಿನ ನಷ್ಟಕ್ಕೆ ಬಂದ ಪರಿಹಾರದ ಹಣವೇ ಅವರಿಗೆ ಬರೋಡೆಗೆ ಹೋಗಲು ದಾರಿಖರ್ಚಾಯಿತು.

ಬರೋಡೆಯಲ್ಲಿ ನಡೆದದ್ದು ಇನ್ನೂ ಕಠಿಣ. ಮಹಾರಾಜರು ಅವರಿಗೆ ದೊಡ್ಡ ಹುದ್ದೆ ಕೊಡುವ ಮನಸ್ಸಿನಿಂದ ಕರೆಸಿಕೊಂಡಿದ್ದರು. ಆದರೆ ಅಮೆರಿಕದಲ್ಲಿ ಓದಿ ಬಂದ ಆ ವಿದ್ವಾಂಸರಿಗೆ ಊರಿನಲ್ಲಿ ಇರಲು ಒಂದು ಕೋಣೆ ಸಿಗಲಿಲ್ಲ. ಕಚೇರಿಯ ಜವಾನರು ಕಾಗದಪತ್ರಗಳನ್ನು ಕೈಗೆ ಕೊಡದೆ ಮೇಜಿನ ಮೇಲೆ ಎಸೆಯುತ್ತಿದ್ದರು. ಜಾತಿಯನ್ನು ಮರೆಮಾಚಿ ಒಂದು ಪಾರ್ಸಿ ಛತ್ರದಲ್ಲಿ ಇಳಿದುಕೊಂಡರು. ಹನ್ನೊಂದನೆಯ ದಿನ ಹತ್ತಾರು ಜನ ಕೋಲು ಹಿಡಿದು ಬಂದು ಹೊರಗೆ ಹೋಗೆಂದು ಅಬ್ಬರಿಸಿದರು. ಆಶ್ರಯ ಕೇಳಿದ ಗೆಳೆಯರ ಬಾಗಿಲುಗಳೂ ತೆರೆಯಲಿಲ್ಲ. ಉದ್ಯಾನವೊಂದರಲ್ಲಿ ಕುಳಿತು ಕಣ್ಣೀರಿಟ್ಟು ಅಂದೇ ರಾತ್ರಿಯ ರೈಲಿನಲ್ಲಿ ಮುಂಬಯಿಗೆ ಮರಳಿದರು. ಹತ್ತು ವರ್ಷದ ಕರಾರು ಹೀಗೆ ಮುರಿಯಿತು. ಮುರಿದವರು ಅವರಲ್ಲ. ಒಬ್ಬ ಅರಸನ ಸದಿಚ್ಛೆಗಿಂತ ಊರಿನ ರೂಢಿ ಬಲವಾಗಿತ್ತು. ವಿದ್ಯೆಗೆ ಹಣ ಕೊಟ್ಟರೆ ಸಾಲದು, ವಿದ್ಯೆ ಕಲಿತು ಬಂದವನಿಗೆ ಬಾಳಲು ಜಾಗವನ್ನೂ ಕೊಡಬೇಕು. ಇದು ಸಮಾಜವೆಲ್ಲ ತಲೆತಗ್ಗಿಸಿ ಕಲಿಯಬೇಕಾದ ಪಾಠ. ಇದನ್ನು ಬಿಟ್ಟು ಅವರ ಚರಿತ್ರೆ ಹೇಳಿದರೆ ಅದು ಸತ್ಯವಾಗುವುದಿಲ್ಲ.

ಈಗ ಲಂಡನ್ನಿನ ನಾಲ್ಕು ವರ್ಷದ ಗಡುವು ಓಡತೊಡಗಿತು. ಕೈಯಲ್ಲಿ ಹಣವಿಲ್ಲ, ಮನೆಯಲ್ಲಿ ಸಂಸಾರವಿದೆ. ಭೀಮರಾಯರು ಮನೆಪಾಠ ಹೇಳಿದರು, ಷೇರು ವ್ಯವಹಾರದ ಸಲಹೆ ಕೊಡುವ ಉದ್ಯೋಗವನ್ನೂ ಮಾಡಿ ನೋಡಿದರು. ಜಾತಿ ತಿಳಿದೊಡನೆ ಗಿರಾಕಿಗಳು ದೂರವಾದರು. ಕೊನೆಗೆ 1918ರ ನವೆಂಬರಿನಲ್ಲಿ ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ತಿಂಗಳಿಗೆ 450 ರೂಪಾಯಿ ಸಂಬಳ. ಆ ಕಾಲಕ್ಕೆ ಅದು ದೊಡ್ಡ ಮೊತ್ತವೇ. ಅಷ್ಟು ಬಂದಾಗಲೂ ಅವರು ಚಾಳನ್ನು ಬಿಡಲಿಲ್ಲ. ಮನೆಖರ್ಚಿಗೆ ಇಷ್ಟೆಂದು ಗೊತ್ತುಮಾಡಿ ಪತ್ನಿ ರಮಾಬಾಯಿಯವರ ಕೈಗಿತ್ತು ಉಳಿದುದನ್ನು ಲಂಡನ್ನಿನ ಓದಿಗೆಂದು ಕೂಡಿಟ್ಟರು. ಆ ಅಳತೆಯ ಹಣದಲ್ಲಿ ಸಂಸಾರ ತೂಗಿಸಿದ ರಮಾಬಾಯಿಯವರ ತಪಸ್ಸು ಪತಿಯ ತಪಸ್ಸಿಗೆ ಕಡಿಮೆಯದಲ್ಲ. ಆ ದಂಪತಿಗಳು ಹಡೆದ ಐದು ಮಕ್ಕಳಲ್ಲಿ ನಾಲ್ವರು ಎಳೆವಯಸ್ಸಿನಲ್ಲಿಯೇ ತೀರಿಕೊಂಡರು ಎಂಬುದನ್ನು ನೆನೆದರೆ ಆ ಮನೆಯ ಕಷ್ಟ ಅರ್ಥವಾದೀತು.

ಒಂದೂಕಾಲು ವರ್ಷಕ್ಕೂ ಹೆಚ್ಚು ಕಾಲ ಹೀಗೆ ಕೂಡಿಟ್ಟರೂ ಹಣ ಸಾಲಲಿಲ್ಲ. ಆಗ ಕೊಲ್ಲಾಪುರದ ಶಾಹೂ ಛತ್ರಪತಿ ಮಹಾರಾಜರು ನೆರವಾದರು. ಬೇರೆ ಬೇರೆ ಸಮುದಾಯಗಳ ಬಡ ವಿದ್ಯಾರ್ಥಿಗಳಿಗಾಗಿ ಕೊಲ್ಲಾಪುರದಲ್ಲಿ ಒಂದರ ಮೇಲೊಂದು ವಸತಿ ನಿಲಯಗಳಿಗೆ ಆಸರೆಯಾದ ಪುಣ್ಯಾತ್ಮರು ಅವರು. ನಮ್ಮ ಲಿಂಗಾಯತ ವಿದ್ಯಾರ್ಥಿಗಳಿಗೂ ಅಲ್ಲಿ ಅಂಥ ನಿಲಯವಿತ್ತು. ಅವರ ನೆರವಿನ ಮೇಲೆಯೂ ಕೊರತೆ ಬಿದ್ದುದನ್ನು ತುಂಬಿದವರು ನ್ಯೂಯಾರ್ಕಿನ ಗೆಳೆಯ ನವಲ್ ಭಥೇನಾ. ಐದು ಸಾವಿರ ರೂಪಾಯಿ ಸಾಲ ಕೊಟ್ಟರು. ಬರೋಡೆಯಲ್ಲಿ ಕೋಲು ಹಿಡಿದು ಹೊರಗಟ್ಟಿದವರು ಪಾರ್ಸಿಗಳು, ಇಲ್ಲಿ ಕೈಹಿಡಿದು ಮೇಲೆತ್ತಿದವರೂ ಪಾರ್ಸಿ. ಒಳ್ಳೆಯತನ ಕೆಟ್ಟತನ ಇರುವುದು ಮನುಷ್ಯರಲ್ಲಿಯೇ ಹೊರತು ಕುಲದಲ್ಲಿ ಅಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ.

1920ರ ಜುಲೈನಲ್ಲಿ, ಗಡುವು ತೀರುವ ಮುನ್ನ, ಅವರು ಮತ್ತೆ ಲಂಡನ್ನಿಗೆ ಹೊರಟರು. ಅಲ್ಲಿನ ದಿನಚರಿ ಕೇಳಿದರೆ ಯಾವ ವ್ರತಧಾರಿಯೂ ತಲೆಬಾಗಬೇಕು. ಬೆಳಿಗ್ಗೆ ಒಂದು ತುಂಡು ರೊಟ್ಟಿ, ಒಂದು ಬಟ್ಟಲು ಸಾರು. ಆಮೇಲೆ ಬ್ರಿಟಿಷ್ ಮ್ಯೂಸಿಯಮ್ಮಿನ ಗ್ರಂಥಾಲಯ, ಬಾಗಿಲು ಹಾಕುವವರೆಗೂ ಅಲ್ಲಿಯೇ. ರಾತ್ರಿ ಹಸಿವು ತಡೆಯಲಾಗದಾಗ ಪರಿಚಯದ ಗುಜರಾತಿಯೊಬ್ಬರು ಕೊಟ್ಟಿದ್ದ ಹಪ್ಪಳದ ಕಟ್ಟಿನಿಂದ ನಾಲ್ಕು ಹಪ್ಪಳ ತೆಗೆದು ಸುಟ್ಟುಕೊಂಡು ತಿಂದು ಬೆಳಗಿನ ಜಾವದವರೆಗೂ ಓದುತ್ತಿದ್ದರು. 1921ರಲ್ಲಿ ಎಂ.ಎಸ್‌ಸಿ. ಆಯಿತು. ಬ್ಯಾರಿಸ್ಟರ್ ಆದರು. ರೂಪಾಯಿಯ ಸಮಸ್ಯೆಯನ್ನು ಕುರಿತ ಪ್ರಬಂಧವನ್ನು ಪರೀಕ್ಷಕರ ಆಕ್ಷೇಪದಿಂದಾಗಿ ತಿದ್ದಿ ಕೊಡಬೇಕಾಯಿತು. ಅಷ್ಟರಲ್ಲಿ ಹಣ ಮುಗಿದಿದ್ದರಿಂದ 1923ರ ಏಪ್ರಿಲಿನಲ್ಲಿ ಊರಿಗೆ ಬಂದು ಇಲ್ಲಿಂದಲೇ ತಿದ್ದಿ ಕಳಿಸಿದರು. ಅದೇ ವರ್ಷ ಡಿ.ಎಸ್‌ಸಿ. ಪದವಿ ಬಂದಿತು. ಹಣವಿಲ್ಲದೆ ಅನ್ನದ ಜೊತೆ ಹೋರಾಡಿದವರು ಬರೆದ ಗ್ರಂಥ ಹಣವನ್ನೇ ಕುರಿತದ್ದು! ಇಷ್ಟೆಲ್ಲ ಆದರೂ ವಕೀಲಿಯ ಸನದು ಪಡೆಯಲು ಕೈಯಲ್ಲಿ ದುಡ್ಡಿರಲಿಲ್ಲ. ಆಗಲೂ ನೆರವಾದವರು ಭಥೇನಾ ಅವರೇ.

ಕೊಲಂಬಿಯಾದ ಡಾಕ್ಟರೇಟ್ ಪದವಿಯ ಕಥೆಯೂ ಹೀಗೆಯೇ. ಪ್ರಬಂಧವನ್ನು ಅಚ್ಚು ಹಾಕಿಸಿ ಪ್ರತಿಗಳನ್ನು ಒಪ್ಪಿಸಿದ ನಂತರವೇ ಪದವಿ ಕೊಡುವುದು ಅಲ್ಲಿನ ನಿಯಮ. ಬರೆದು ಮುಗಿಸಿ ಎಷ್ಟೋ ವರ್ಷಗಳಾದ ಮೇಲೆ 1925ರಲ್ಲಿ ಅದು ಅಚ್ಚಾಯಿತು, 1927ರಲ್ಲಿ ಪದವಿ ಕೈಸೇರಿತು. ಆ ಗ್ರಂಥವನ್ನು ಅವರು ಅರ್ಪಿಸಿದ್ದು ಸಯಾಜಿರಾವ್ ಮಹಾರಾಜರಿಗೆ. ಬರೋಡೆಯ ಊರು ಹೊರಗಟ್ಟಿದ್ದನ್ನು ಅವರು ಮರೆತಿರಲಿಲ್ಲ. ಬರೋಡೆಯ ಅರಸ ಓದಿಸಿದ್ದನ್ನೂ ಮರೆಯಲಿಲ್ಲ. ಅಪಮಾನದ ಲೆಕ್ಕವನ್ನು ಉಪಕಾರದ ಲೆಕ್ಕದಲ್ಲಿ ಕಳೆಯದೆ ಎರಡನ್ನೂ ಬೇರೆ ಬೇರೆಯಾಗಿ ಇಟ್ಟುಕೊಳ್ಳುವುದು ದೊಡ್ಡವರಿಗೆ ಮಾತ್ರ ಸಾಧ್ಯ. ನಾವೆಲ್ಲ ಒಂದು ಸಣ್ಣ ಅಪಮಾನಕ್ಕೆ ನೂರು ಉಪಕಾರವನ್ನು ಅಳಿಸಿಹಾಕುವವರು.

ಕರಾರಿನ ಹತ್ತು ವರ್ಷ ಸೇವೆ ಬರೋಡೆಗೆ ಸಲ್ಲಲಿಲ್ಲ. ಹಾಗಾದರೆ ಋಣ ಉಳಿಯಿತೆ? ಉಳಿಯಲಿಲ್ಲ. ಅವರು ಅದನ್ನು ಬೇರೊಂದು ಬಗೆಯಲ್ಲಿ ತೀರಿಸಿದರು. 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭೆಯನ್ನು ಕಟ್ಟಿದರು. ಮರುವರ್ಷ ಜನವರಿಯಲ್ಲಿ ಆ ಸಭೆ ಸೊಲ್ಲಾಪುರದಲ್ಲಿ ಬಡ ವಿದ್ಯಾರ್ಥಿಗಳಿಗಾಗಿ ವಸತಿ ನಿಲಯ ತೆರೆಯಿತು. ಆಮೇಲೆ ನಮ್ಮ ಧಾರವಾಡದಲ್ಲಿಯೂ ಅವರ ಪ್ರಯತ್ನದಿಂದ ಅಂಥದೇ ನಿಲಯವಾಯಿತು. 1942ರಿಂದ 1946ರವರೆಗೆ ವೈಸರಾಯರ ಕಾರ್ಯಕಾರಿ ಮಂಡಲಿಯ ಸದಸ್ಯರಾಗಿದ್ದಾಗ, ಪರಿಶಿಷ್ಟ ಜಾತಿಯ ಮಕ್ಕಳ ಉನ್ನತ ಶಿಕ್ಷಣಕ್ಕೆ ಸರಕಾರ ಹಣ ತೆಗೆದಿಡಬೇಕೆಂದು ಮನವಿಪತ್ರ ಬರೆದು, ವಾದಿಸಿ, ವರ್ಷಕ್ಕೆ ಮೂರು ಲಕ್ಷ ರೂಪಾಯಿ ಮಂಜೂರು ಮಾಡಿಸಿದರು. 1944ರಲ್ಲಿ ಆರಂಭವಾದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಯೋಜನೆ 1948ರಲ್ಲಿ ಪರಿಶಿಷ್ಟ ಪಂಗಡದವರಿಗೂ ವಿಸ್ತರಿಸಿತು. ಅದು ಇಂದಿಗೂ ನಡೆದಿದೆ. 1945ರಲ್ಲಿ ಪೀಪಲ್ಸ್ ಎಜುಕೇಷನ್ ಸೊಸೈಟಿಯನ್ನು ಕಟ್ಟಿ, 1946ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು, 1950ರಲ್ಲಿ ಔರಂಗಾಬಾದಿನಲ್ಲಿ ಕಾಲೇಜು ತೆರೆದರು. ಎಲ್ಲ ಕುಲದ ಮಕ್ಕಳಿಗೂ ಅಲ್ಲಿ ಪ್ರವೇಶವಿತ್ತು.

ಸಿದ್ಧಾರ್ಥ ಎಂಬ ಹೆಸರನ್ನು ಗಮನಿಸಬೇಕು. ಬುದ್ಧನ ಪೂರ್ವಾಶ್ರಮದ ಹೆಸರದು. ಮೆಟ್ರಿಕ್ ಪಾಸಾದ ಹುಡುಗನಿಗೆ ಕೇಳುಸ್ಕರ್ ಗುರುಗಳು ಕೊಟ್ಟಿದ್ದ ಪುಸ್ತಕ ಯಾವುದೆಂದು ಓದುಗರಿಗೆ ನೆನಪಿರಬಹುದು. 1956ರ ಅಕ್ಟೋಬರಿನಲ್ಲಿ ಅವರು ಬೌದ್ಧ ದೀಕ್ಷೆ ಪಡೆದರು. ಅದೇ ವರ್ಷ ಡಿಸೆಂಬರ್ 6ರಂದು ದೇಹ ಬಿಟ್ಟರು. ಒಬ್ಬ ವಿದ್ಯಾರ್ಥಿಗೆ ಕೊಟ್ಟ ಒಂದು ಪುಸ್ತಕ ನಲವತ್ತೊಂಬತ್ತು ವರ್ಷಗಳ ತನಕ ಅವನೊಡನೆ ನಡೆಯಬಲ್ಲದೆಂದರೆ, ವಿದ್ಯಾದಾನದ ಫಲವನ್ನು ಅಳೆಯುವ ಕೊಳಗ ನಮ್ಮಲ್ಲಿಲ್ಲ.

ಈ ಚರಿತ್ರೆಯಿಂದ ವಿದ್ಯಾರ್ಥಿಗಳು ತಿಳಿಯಬೇಕಾದುದೇನು? ಬಾಬಾಸಾಹೇಬರ ಓದು ಒಂದೇ ಕಡೆಯ ಹಣದಿಂದ ನಡೆಯಲಿಲ್ಲ. ಅಕ್ಕಂದಿರ ಒಡವೆ, ತಂದೆಯ ನಿವೃತ್ತಿವೇತನ, ಒಬ್ಬ ಅರಸರ ವಿದ್ಯಾರ್ಥಿವೇತನ, ಇನ್ನೊಬ್ಬ ಅರಸರ ಸಹಾಯ, ಸ್ವಂತ ದುಡಿಮೆಯ ಉಳಿತಾಯ, ಗೆಳೆಯರ ಸಾಲ, ಹೀಗೆ ಹತ್ತು ಕಡೆಯ ತುಂಡುಗಳನ್ನು ಸೇರಿಸಿ ಹೊಲಿದ ಕೌದಿ ಅದು. ಒಂದು ಕಡೆ ಅರ್ಜಿ ಹಾಕಿ ಸಿಗಲಿಲ್ಲವೆಂದು ಕೈಕಟ್ಟಿ ಕೂಡುವವರು ಇದನ್ನು ನೋಡಬೇಕು. ಹಣ ಪಡೆಯುವಾಗ ಷರತ್ತುಗಳನ್ನು ಓದಿ ತಿಳಿದೇ ಸಹಿ ಮಾಡಬೇಕು. ಎಷ್ಟು ಕಾಲ ಕೊಡುತ್ತಾರೆ, ನಿಂತ ಮೇಲೆ ಮುಂದೇನು, ಹಿಂದಿರುಗಿಸಬೇಕಾದ ಸಾಲವೋ ಅಲ್ಲವೋ ಎಂಬುದನ್ನು ಮೊದಲೇ ಕೇಳಬೇಕು. ಓದು ನಿಲ್ಲಿಸಲೇಬೇಕಾಗಿ ಬಂದರೆ ಅವರು ಲಂಡನ್ನಿನಲ್ಲಿ ಮಾಡಿದಂತೆ ಮರಳಿ ಬರುವ ದಾರಿಯನ್ನು ತೆರೆದಿಟ್ಟು ಬರಬೇಕು.

ತಂದೆತಾಯಿಗಳಿಗೂ ಒಂದು ಮಾತು. ಈಗ ಸರಕಾರದ ವಿದ್ಯಾರ್ಥಿವೇತನಗಳಿವೆ, ಬ್ಯಾಂಕುಗಳ ಶಿಕ್ಷಣ ಸಾಲವಿದೆ, ದತ್ತಿನಿಧಿಗಳಿವೆ, ಮಠಗಳ ಉಚಿತ ಪ್ರಸಾದ ನಿಲಯಗಳಿವೆ. ಅರ್ಜಿಗಳು ಬಹುಮಟ್ಟಿಗೆ ಗಣಕಯಂತ್ರದ ಮೂಲಕವೇ ಹೋಗುತ್ತವೆ. ಆದಾಯದ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ, ಬ್ಯಾಂಕಿನ ಖಾತೆ, ಆಧಾರ್, ಇವುಗಳಲ್ಲಿ ಹೆಸರು ಒಂದೇ ತೆರನಾಗಿರಬೇಕು. ಒಂದು ಅಕ್ಷರದ ವ್ಯತ್ಯಾಸಕ್ಕೆ ಅರ್ಜಿ ನಿಂತುಹೋಗಬಹುದು. ಕೊನೆಯ ದಿನದವರೆಗೆ ಕಾಯದೆ ಫಲಿತಾಂಶಕ್ಕೆ ಮೊದಲೇ ಕಾಗದಗಳನ್ನು ಸಿದ್ಧ ಮಾಡಿಟ್ಟುಕೊಳ್ಳಬೇಕು. ಕೇಳುವುದಕ್ಕೆ ನಾಚಬಾರದು. ಮಗನ ಪುಸ್ತಕಕ್ಕಾಗಿ ಕೊಟ್ಟ ಹೆಣ್ಣುಮಕ್ಕಳ ಬಾಗಿಲಿಗೆ ಹೋದ ರಾಮಜಿಯವರ ಮಾನ ಹೋಗಲಿಲ್ಲ, ನೂರ್ಮಡಿಯಾಯಿತು. ಇನ್ನು ಮಗನಿಗೆ ಒಡವೆ ಒತ್ತೆಯಿಡುವವರು ಮಗಳಿಗೂ ಇಡಬೇಕು. ಹೆಣ್ಣುಮಗುವಿನ ಓದಿಗೆ ಹಣ ಹುಡುಕುವ ಮೊದಲೇ ಗಂಡು ಹುಡುಕುವುದು ತರವಲ್ಲ.

ಉಪಾಧ್ಯಾಯರಲ್ಲಿ ನಮ್ಮ ಕೋರಿಕೆ ಇಷ್ಟೇ. ನಿಮ್ಮ ತರಗತಿಯ ಕೊನೆಯ ಸಾಲಿನಲ್ಲಿ ಒಬ್ಬ ಭೀಮರಾಯ ಕುಳಿತಿರಬಹುದು. ಅವನ ಅರ್ಜಿಯನ್ನು ನೀವು ಬರೆಸಿಕೊಡಿ, ಕೊಡುವವರ ಬಾಗಿಲಿಗೆ ನೀವೇ ಕರೆದೊಯ್ಯಿರಿ.

ಉಳ್ಳವರಿಗೆ ನಾವು ನೆನಪಿಸಬೇಕಾದುದು ದಾಸೋಹ ಎಂಬ ಮಾತನ್ನು. ಕೊಡುವವನು ತಾನು ಕೊಟ್ಟೆನೆಂಬ ಭಾವವನ್ನೂ ಜೊತೆಯಲ್ಲಿಯೇ ಕೊಟ್ಟುಬಿಡುವುದು ದಾಸೋಹ. ಸಿರಸಂಗಿಯ ಲಿಂಗರಾಜ ದೇಸ್ಗತಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನೇ ಮಕ್ಕಳ ವಿದ್ಯೆಗೆಂದು ಮೃತ್ಯುಪತ್ರ ಬರೆದಿಟ್ಟು 1906ರಲ್ಲಿ ಲಿಂಗೈಕ್ಯರಾದರು. ಅಂಥವರ ನಾಡಿದು. ಮದುವೆಯ ಚಪ್ಪರಕ್ಕೆ, ಜಾತ್ರೆಯ ಪಟಾಕಿಗೆ ಸುರಿಯುವುದರಲ್ಲಿ ಒಂದು ಪಾಲನ್ನು ಊರಿನ ಒಂದು ಮಗುವಿನ ಶುಲ್ಕಕ್ಕೆ ತೆಗೆದಿಟ್ಟರೆ ದೇವರಿಗೆ ಏನೂ ಕಡಿಮೆಯಾಗುವುದಿಲ್ಲ. ಕೊಡುವಾಗ ಆ ಮಗುವಿನ ಕುಲ ಕೇಳಬಾರದು. ಕೊಟ್ಟ ಮೇಲೆ ಅದರ ಫೋಟೋ ಹಾಕಿಸಿ ನಾಚಿಸಬಾರದು.

ತಿಂಗಳಿಗೆ 25 ರೂಪಾಯಿ ಕೊಟ್ಟ ಮಹಾರಾಜರಿಗೆ ಅದು ಎಲ್ಲಿಗೆ ಮುಟ್ಟುವುದೆಂದು ಗೊತ್ತಿರಲಿಲ್ಲ. ಪಡೆದವರು ಅದನ್ನು ಕೊಟ್ಟವರಿಗೆ ಹಿಂದಿರುಗಿಸಲಿಲ್ಲ, ತಮ್ಮ ಹಿಂದೆ ಬರುತ್ತಿದ್ದ ಲಕ್ಷಾಂತರ ಮಕ್ಕಳಿಗೆ ದಾಟಿಸಿದರು. ಇಂದು ನೆರವು ಪಡೆದು ಓದುತ್ತಿರುವ ಪ್ರತಿಯೊಬ್ಬ ವಿದ್ಯಾರ್ಥಿಯೂ ದುಡಿಯತೊಡಗಿದ ಮೊದಲ ವರ್ಷದಲ್ಲಿಯೇ ಇನ್ನೊಬ್ಬ ವಿದ್ಯಾರ್ಥಿಯ ಒಂದು ತಿಂಗಳ ಖರ್ಚನ್ನು ಹೊರಲಿ. ವಿದ್ಯೆಯ ಋಣ ತೀರುವ ಬಗೆ ಇದೊಂದೇ. ಎಲ್ಲ ಮನೆಗಳ ದೀಪವೂ ಬೆಳಗಲಿ ಎಂದು ಹಾರೈಸುತ್ತೇವೆ.